ರಕ್ತ ನಿಂತ ವಸಡು

ಸಿಹಿ ವಾಸನೆಗೂ ಹೊಟ್ಟೆ ತೊಳಸುತ್ತದೆ ಎಂಬುದು ನನಗೆ ಗೊತ್ತಾದದ್ದು ನನ್ನ ಗಂಡ ಸಿಗರೇಟು ಬಿಟ್ಟ ಮೇಲೆ.

ರಾದೊಯೆ ಸೈನ್ಯಕ್ಕೆ ಹೋದಾಗ ಹಿಡಿದ ಸಿಗರೇಟನ್ನು ಮೊಮ್ಮಕ್ಕಳನ್ನು ಕಾಣುವ ವಯಸ್ಸು ಬಂದರೂ ಬಿಟ್ಟಿರಲಿಲ್ಲ. ನಮ್ಮ ಮನೆಯ ಪರದೆ, ಗೋಡೆ, ಮೂಲೆಯಲ್ಲಿರುವ ಸಂತ ನಿಕೋಲನ ಪಟ, ಎಲ್ಲವೂ ಅವನ ಹೊಗೆಗೆ ಹಳದಿಯಾಗಿದ್ದವು. ಅವನ ಕಸುಬು ತುತ್ತೂರಿ ಊದುವುದು. ನಮ್ಮ ಕಣಿವೆಯಲ್ಲಿ ಮದುಮಗಳು ತವರಿನ ಹೊಸಿಲು ದಾಟಬೇಕಾದರೆ ಬಾಗಿಲಲ್ಲಿ ತುತ್ತೂರಿ ಮೊಳಗಬೇಕು. ರಾಗ ನಡುವೆ ಮುರಿದರೆ ಆ ಮದುವೆಯ ಮಾತನ್ನು ಜನ ಸಾಯುವವರೆಗೂ ಆಡಿಕೊಳ್ಳುತ್ತಾರೆ. ಅರ್ಧ ಕಣಿವೆಯ ಹೆಣ್ಣುಮಕ್ಕಳನ್ನು ಹೀಗೆ ಊದಿ ಕಳಿಸಿದವನು ಕಳೆದ ಶರತ್ಕಾಲದಲ್ಲಿ ಒಂದು ಮದುವೆಯಲ್ಲಿ ಉಸಿರು ಸಾಲದೆ ಕೆಮ್ಮತೊಡಗಿದ. ಪಕ್ಕದವನು ರಾಗ ಎತ್ತಿಕೊಂಡು ಮಾನ ಉಳಿಸಿದ.

ನಮಗಿರುವವಳು ಒಬ್ಬಳೇ ಮಗಳು, ಯಾಗೊದಾ. ಅವಳ ಮದುವೆ ಮೇ ತಿಂಗಳ ಕೊನೆಗೆ ಗೊತ್ತಾಗಿತ್ತು. ಹೊಸ ವರ್ಷಕ್ಕೆ ಬಂದವಳು ಅಪ್ಪನ ಕೈಗೆ ಒಂದು ವೇಪ್ ಇಟ್ಟಳು, ಸಿಗರೇಟಿನ ಬದಲು ಹಬೆ ಸೇದುವ ಬ್ಯಾಟರಿ ಕೊಳವೆ.

"ಅಪ್ಪಾ, ನನ್ನ ಬಾಗಿಲಲ್ಲಿ ನೀನೇ ಊದಬೇಕು. ಬೇರೆಯವರು ಊದಿದರೆ ನಾನು ಹೊಸಿಲು ದಾಟೋಳೇ ಅಲ್ಲ, ನೋಡ್ಕೋ."

ಆ ವಸ್ತು ನೋಡಲು ಮಕ್ಕಳ ಆಟಿಕೆಯಂತಿತ್ತು. ಒಳಗಿನ ರಸದಲ್ಲಿ ನಿಕೋಟಿನ್ ಹೆಸರಿಗೂ ಇಲ್ಲವಂತೆ, ಬರೀ ಕಲ್ಲಂಗಡಿಯ ವಾಸನೆ. ಎಂಥ ಕಲ್ಲಂಗಡಿ! ಯಾವ ಹೊಲದಲ್ಲೂ ಬೆಳೆಯದ, ಬಿಸಿಲಿಗೆ ಕರಗಿದ ಮಿಠಾಯಿಯಂಥ ವಾಸನೆ. ಆ ಹಬೆ ಕಿಟಕಿಯ ಗಾಜಿನ ಮೇಲೆ ಅಂಟಂಟಾಗಿ ಕೂತಿತು. ಬ್ರೆಡ್ಡಿಗೂ ಹತ್ತಿತು. ನಾನು ಬೆಳಗಿನಿಂದ ಬೇಯಿಸಿದ ಎಲೆಕೋಸಿನ ಸುರುಳಿಯನ್ನು ಬಾಯಿಗಿಟ್ಟರೆ ಕಲ್ಲಂಗಡಿ. ಆದರೂ ಸುಳ್ಳು ಹೇಳಬಾರದು, ಅವನ ಕೆಮ್ಮು ನಿಂತಿತು. ಉಸಿರು ಮರಳಿತು. ಹಿತ್ತಿಲಲ್ಲಿ ನಿಂತು ರಾಗವನ್ನು ಕೊನೆಯವರೆಗೂ ಊದುತ್ತಿದ್ದ, ನಾನು ಮೂಗು ಮುಚ್ಚಿಕೊಂಡೇ ಕಿವಿಗೊಡುತ್ತಿದ್ದೆ.

ಆಮೇಲೆ ಅವನಿಗೆ ಹಲ್ಲುನೋವು ಶುರುವಾಯಿತು. ಮೊದಲು ಹಲ್ಲುಜ್ಜುವಾಗ ಬಚ್ಚಲ ತೊಟ್ಟಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆಮೇಲೆ ರೊಟ್ಟಿ ಕಚ್ಚಿದರೆ ರೊಟ್ಟಿಯ ಮೇಲೆ ಕೆಂಪು ಹಲ್ಲಿನ ಗುರುತು, ದಿಂಬಿನ ಮೇಲೆ ಜೊಲ್ಲು ಬೆರೆತ ಕಂದು ಕಲೆ. ವಸಡು ಊದಿ, ಹಲ್ಲುಗಳ ನಡುವೆ ಹಸಿ ಮಾಂಸದಂತೆ ಎದ್ದು ನಿಂತಿತ್ತು. ಮಾತಾಡಲು ಬಾಯಿ ತೆರೆದರೆ ಮೊದಲು ಕಲ್ಲಂಗಡಿ ಬರುತ್ತಿತ್ತು, ಅದರ ಹಿಂದೆಯೇ ವಾರಗಟ್ಟಲೆ ಬದಲಿಸದ ಹೂದಾನಿಯ ನೀರಿನ ನಾತ. ನಾನು ಮಂಚದ ಅಂಚಿಗೆ ಸರಿದು ಗೋಡೆಗೆ ಮುಖ ಮಾಡಿ ಮಲಗತೊಡಗಿದೆ.

ನನ್ನ ಅತ್ತೆ ದಾರಿಂಕಾ ಕಾರಣವನ್ನು ಕೂತಲ್ಲೇ ಕಂಡುಹಿಡಿದರು. ನಮ್ಮ ಕಡೆ ಮನುಷ್ಯನಿಗೆ ಏನೇ ಬರಲಿ, ಕತ್ತು ಉಳುಕಲಿ, ಕಿವಿ ಸೋರಲಿ, ಮಕ್ಕಳಾಗದಿರಲಿ, ಎದುರುಬದುರು ಕಿಟಕಿ ತೆರೆದಿಟ್ಟಾಗ ನುಗ್ಗುವ ಗಾಳಿಯದೇ ತಪ್ಪು. ಕಲ್ಲಂಗಡಿಯ ಹಬೆ ಹೋಗಲಿ ಎಂದು ಚಳಿಗಾಲವಿಡೀ ಎರಡೂ ಕಿಟಕಿ ತೆರೆದಿಟ್ಟವಳು ನಾನು. ಅಲ್ಲಿಗೆ ಕೊಲೆಗಾರ್ತಿಯೂ ಸಿಕ್ಕಂತಾಯಿತು.

"ಏನಮ್ಮಾ, ನನ್ನ ಮಗನ್ನ ಹೂತುಹಾಕೇ ಬಿಡ್ಬೇಕು ಅಂತಿದ್ದೀಯಾ? ಮುಚ್ಚು ಆ ಕಿಟಕೀನ," ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಏಪ್ರಿಲ್ ಬಿಸಿಲು ಚುರುಗುಡುತ್ತಿದ್ದರೂ ಕಿಟಕಿಗಳೆಲ್ಲ ಬಂದ್. ರಾದೊಯೆಯ ದವಡೆಗೆ ಬಿಸಿ ಹಂದಿಕೊಬ್ಬು ಸವರಿ, ಮೇಲೆ ಉಣ್ಣೆಯ ಬಟ್ಟೆ ಸುತ್ತಿ ತಲೆಯ ಮೇಲೆ ಗಂಟು ಹಾಕಿದರು. ಬಾಯಿತುಂಬ ಪ್ಲಮ್ ಹಣ್ಣಿನ ರಾಕಿಯಾ ಹಿಡಿದು ಕೂರಿಸಿದರು. ಬಾಯಿ ಸುಡುವ ಆ ಹೆಂಡವನ್ನು ಹಸಿ ಗಾಯದ ಮೇಲೆ ಹಿಡಿದು ಅವನು ಕಣ್ಣೀರು ಸುರಿಸುತ್ತಿದ್ದ, ಉಗುಳುವುದು ದಂಡವೆಂದು ಕೊನೆಗೆ ನುಂಗುತ್ತಿದ್ದ. ಮುಚ್ಚಿದ ಮನೆಯಲ್ಲಿ ಕೊಬ್ಬು, ಹೆಂಡ, ಕೀವು, ಕಲ್ಲಂಗಡಿ ಎಲ್ಲ ಒಂದಾಗಿ ಬೇಯುತ್ತಿದ್ದವು. ಹಲ್ಲಿನ ಡಾಕ್ಟರ ಹತ್ತಿರ ಹೋಗು ಮಾರಾಯ ಎಂದು ನಾನು ಅಂಗಲಾಚಿದೆ. ಗಾಳಿ ಹೊಡೆದದ್ದಕ್ಕೆ ಹಲ್ಲು ಕೀಳುವವರು ಏನು ಮಾಡುತ್ತಾರೆ ಎಂದು ಅವನು ಆ ಬಟ್ಟೆಯೊಳಗಿಂದಲೇ ಗೊಣಗಿದ.

ಕೊನೆಗೆ ಒಂದು ಬೆಳಿಗ್ಗೆ ಅತ್ತೆ ವೇಪನ್ನು ಅವನ ಕೈಯಿಂದ ಕಿತ್ತು ಒಲೆಯ ಬೂದಿಗೆ ಎಸೆದು, ತಮ್ಮ ಕೈಯಾರೆ ಒಂದು ಸಿಗರೇಟು ಅವನ ಬಾಯಿಗಿಟ್ಟರು.

"ಇದನ್ನ ಸೇದ್ತಿದ್ದಾಗ ಒಂದು ಹನಿ ರಕ್ತ ಕಂಡಿದ್ಯಾ ಮಗಾ? ಹೊಗೆ ಬೆಚ್ಚಗಿರುತ್ತೆ. ಒಳಗೆ ಗಾಳಿ ಸೇರೋಕೆ ಬಿಡಲ್ಲ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವನು ಕಣ್ಣು ಮುಚ್ಚಿ ಎಳೆದ ಆ ಮೊದಲ ದಮ್ಮನ್ನು ನೋಡಬೇಕಿತ್ತು, ತಾಯಿಯ ಮೊಲೆ ಸಿಕ್ಕ ಕೂಸು ಹಾಗೆ ಚೀಪಿರಲಿಕ್ಕಿಲ್ಲ.

ಸ್ವಲ್ಪ ದಿನ ಕಳೆಯುವುದರೊಳಗೆ ರಕ್ತ ನಿಂತಿತು. ನಿಜವಾಗಿಯೂ ನಿಂತಿತು. ಊತ ಇಳಿದು ವಸಡು ಬೆಳ್ಳಗಾಯಿತು, ದಿಂಬು ಶುಭ್ರವಾಯಿತು. ಅತ್ತೆ ಬಂದವರಿಗೆಲ್ಲ ಮಗನ ತುಟಿ ಎತ್ತಿ ಕುದುರೆ ಮಾರುವವರಂತೆ ತೋರಿಸಿದರು. ಕಲ್ಲಂಗಡಿ ತೊಲಗಿತಲ್ಲ ಎಂದು ನಾನೂ ಖುಷಿಪಟ್ಟೆ. ನಾತ ಮಾತ್ರ ಹೋಗಲಿಲ್ಲ. ಹೊಗೆಯ ಅಡಿಯಲ್ಲಿ ಅದು ಹಾಗೇ ಕೂತಿತ್ತು.

ಮದುವೆ ಹತ್ತಿರ ಬಂದಂತೆ ಅವನಿಗೆ ಒಂದು ಹೊಸ ಚಟ ಅಂಟಿತು. ಟಿವಿ ನೋಡುತ್ತಾ ನಾಲಿಗೆಯಿಂದ ಮೇಲಿನ ಮುಂದಿನ ಹಲ್ಲನ್ನು ನೂಕುತ್ತಿದ್ದ. ಹಲ್ಲು ಹೊರಗೆ ಬಾಗಿ ಮತ್ತೆ ಒಳಗೆ ಬರುತ್ತಿತ್ತು. ಅಂದೇ ತೋಳು ಹಿಡಿದು ಎಳೆದುಕೊಂಡು ಡಾಕ್ಟರ್ ಬೊಸಿಲ್ಕಾ ಅವರ ಕುರ್ಚಿಯಲ್ಲಿ ಕೂರಿಸಿದೆ. ಅವರು ವಸಡನ್ನು ಬೆರಳಿನಿಂದ ಒತ್ತಿದರು. ಹಲ್ಲಿನ ಬುಡದಿಂದ ಹಳದಿ ಕೀವು ಜಿನುಗಿತು. ಪಕ್ಕದಲ್ಲಿದ್ದ ನರ್ಸು ಮುಖ ಆಚೆ ತಿರುಗಿಸಿದಳು, ನಾನೂ ತಿರುಗಿಸಿದೆ.

ಡಾಕ್ಟರು ಎಲ್ಲ ಕೇಳಿಸಿಕೊಂಡರು, ಕಿಟಕಿಯ ಪುರಾಣವನ್ನೂ. ಬಾಯಿ ಕೊಳೆಯಲು ಶುರುವಾಗಿ ವರ್ಷಗಳೇ ಆಗಿವೆ ಎಂದರು. ಸಿಗರೇಟು ವಸಡಿನ ರಕ್ತನಾಳಗಳನ್ನು ಹಿಂಡಿ ಇಟ್ಟಿದ್ದರಿಂದ ಅದು ಹೊರಗೆ ಕಾಣುತ್ತಿರಲಿಲ್ಲವಂತೆ. ಸಿಗರೇಟು ಬಿಟ್ಟೊಡನೆ ವಸಡಿಗೆ ಜೀವ ಬಂದು ರಕ್ತ ಒಸರಿತಂತೆ. ವೇಪನ್ನೂ ಅವರು ಹೊಗಳಲಿಲ್ಲ, ಅದು ಬಾಯಿ ಒಣಗಿಸಿ ಉರಿಯನ್ನು ಹೆಚ್ಚಿಸಿರುತ್ತದೆ ಎಂದರು.

"ರಕ್ತ ಬಂದಾಗ ಓಡಿ ಬಂದಿದ್ರೆ ಈ ಹಲ್ಲು ಉಳೀತಿದ್ವು. ವಸಡು ಕೂಗ್ಕೊಂಡಿದೆ ಕಣ್ರೀ, ನೀವು ಅದರ ಬಾಯಿ ಮುಚ್ಚಿಸಿದ್ರಿ."

ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಕೀಳಬೇಕೆಂದರು. ಮುಂದಿನ ಹಲ್ಲಿಲ್ಲದೆ ತುತ್ತೂರಿ ತುಟಿಗೆ ನಿಲ್ಲುವುದಿಲ್ಲ. ಮಗಳ ಮದುವೆ ಮುಗಿಯಲಿ ಎಂದು ರಾದೊಯೆ ಕೈ ಮುಗಿದ. ಅವರು ಕೀವು ತೆಗೆದು, ಹಲ್ಲುಗಳನ್ನು ಸಣ್ಣ ತಂತಿಯಲ್ಲಿ ಒಂದಕ್ಕೊಂದು ಬಿಗಿದು, ಔಷಧಿ ಬರೆದುಕೊಟ್ಟರು. ಸಿಗರೇಟು ಮುಟ್ಟಕೂಡದು, ಮದುವೆ ದಿನದವರೆಗೂ ತುತ್ತೂರಿ ಮುಟ್ಟಕೂಡದು ಎಂದರು. ಅವನು ಎರಡಕ್ಕೂ ತಲೆಯಾಡಿಸಿದ.

ಮದುವೆಯ ಬೆಳಿಗ್ಗೆ ಅಂಗಳದ ತುಂಬ ಗಂಡಿನ ಕಡೆಯವರು. ಬಾಗಿಲ ಹಿಂದೆ ಬಿಳಿ ಉಡುಪಿನಲ್ಲಿ ಯಾಗೊದಾ. ರಾದೊಯೆ ಎದೆತುಂಬ ಉಸಿರೆಳೆದು ತುತ್ತೂರಿಯನ್ನು ತುಟಿಗೊತ್ತಿದ. ಮೊದಲ ಸುತ್ತು ಸೊಗಸಾಗಿ ಬಂತು. ಎರಡನೆಯದರಲ್ಲಿ ಏನೋ ಕಟಕ್ಕೆಂದಿತು. ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿತು. ಸ್ವರದ ಜೊತೆ ಗಾಳಿ ಸೋರತೊಡಗಿತು. ತುಟಿಯ ಮೂಲೆಯಿಂದ ಕೆಂಪು ಗೆರೆಯೊಂದು ಗಲ್ಲಕ್ಕೆ ಇಳಿದು ಅಂಗಿಯ ಕಾಲರಿಗೆ ಹತ್ತಿತು. ಅವನು ನಿಲ್ಲಿಸಲಿಲ್ಲ. ಬಾಯಿಗೆ ಬಂದ ರಕ್ತವನ್ನು ನುಂಗುತ್ತಾ, ಉಸಿರು ಕಟ್ಟುತ್ತಾ, ರಾಗವನ್ನು ದಡ ಮುಟ್ಟಿಸಿದ. ಯಾಗೊದಾ ಹೊಸಿಲು ದಾಟಿದಳು. ರಾದೊಯೆ ಬಾಯಿ ತೆರೆಯದೆ ಅವಳ ಕೆನ್ನೆಗೆ ಮೂರು ಮುತ್ತು ಕೊಟ್ಟ. ಅವಳ ಕೆನ್ನೆಯ ಮೇಲಾದ ಕಲೆಯನ್ನು ಯಾರದೋ ತುಟಿಬಣ್ಣವೆಂದು ಹೆಂಗಸರು ನಕ್ಕರು. ನಾನು ಕರವಸ್ತ್ರದಿಂದ ಒರೆಸಿದೆ. ಆ ಗಳಿಗೆಯಲ್ಲಿ ನನಗೆ ಹೇಸಿಗೆಯಾಗಲಿಲ್ಲ. ಇವನ ಜೊತೆ ಬಾಳಿದ್ದು ಸಾರ್ಥಕ ಎನಿಸಿತು.

ಕಾರುಗಳೆಲ್ಲ ಹೊರಟ ಮೇಲೆ ಅವನನ್ನು ಹುಡುಕುತ್ತಾ ಹಿತ್ತಿಲಿಗೆ ಹೋದೆ. ಪ್ಲಮ್ ಮರದ ಕೆಳಗೆ ಕೂತು ಅಂಗೈಗೆ ಉಗುಳಿದ. ತಂತಿಯ ಸಮೇತ ಎರಡು ಹಲ್ಲು. ಬುಡದಲ್ಲಿ ಕಪ್ಪು ಪಾಚಿ ಹಿಡಿದಿತ್ತು. ಅವನ್ನು ಹುಲ್ಲಿಗೆ ಎಸೆದು, ಕೈಯನ್ನು ಮದುವೆಯ ಪ್ಯಾಂಟಿಗೆ ಒರೆಸಿಕೊಂಡು, ಸಿಗರೇಟು ಹಚ್ಚಿದ. ಹಲ್ಲು ಹೋದ ಕಂಡಿಯಲ್ಲಿ ಹೊಗೆ ನುಸುಳಿ ಬಂತು. ಹೊಟ್ಟೆ ತುಂಬ ಎಳೆದ ಮೇಲೆ ತೋರುಬೆರಳನ್ನು ಬಾಯೊಳಗಿಟ್ಟು ಖಾಲಿ ವಸಡನ್ನು ಉಜ್ಜಿ, ಹೊರಗೆ ತೆಗೆದು, ಬಿಸಿಲಿಗೆ ಹಿಡಿದು ನೋಡಿದ. ಅವನ ಮುಖ ಅರಳಿತು.

"ನೋಡು ಸ್ತಾಮೆನಾ," ಎಂದ, ಆ ಬೆರಳನ್ನು ನನ್ನ ಮೂಗಿನವರೆಗೂ ತಂದು. "ಅಮ್ಮ ಹೇಳಿದ್ದೇ ಸರಿ. ಹಚ್ಚಿದ್ದೇ ತಡ, ರಕ್ತ ನಿಂತೇಹೋಯ್ತು."