ನಾಲ್ಕು ಗುಂಡಿಗಳ ಮೇಲಿನ ಸುಣ್ಣ

ಜಂಗಮಕೋಟೆಯ ತಿರುಮಲೇಶನಿಗೆ ಮೂವತ್ತೆರಡು ತುಂಬಿತ್ತು, ಗಣಿತದಲ್ಲಿ ಪದವಿ ಇತ್ತು, ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸವಿತ್ತು. ಇಷ್ಟೆಲ್ಲ ಇದ್ದೂ ಮನುಷ್ಯನಿಗೆ ನೆಮ್ಮದಿ ಇರಲಿಲ್ಲ. ಕಾರಣ, ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರು ಅಂಬರೀಶ ಇಟ್ಟಿದ್ದ ಇಂಟರ್‌ನೆಟ್ ಅಂಗಡಿಯ ಗೋಡೆಗೆ ನೇತುಬಿದ್ದಿದ್ದ ಒಂದು ಕರಿಹಲಗೆ. ಕಾರು ಓಡಿಸುವ ಆಟದಲ್ಲಿ ಎಲ್ಲರಿಗಿಂತ ಬೇಗ ಮೂರು ಸುತ್ತು ಮುಗಿಸಿದವರ ಹೆಸರನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಎಂಟು ತಿಂಗಳಿಂದ ಅಲ್ಲಿ ಒಂದೇ ಹೆಸರಿತ್ತು: ಅಂಬರೀಶ್, ಎರಡು ನಿಮಿಷ ಹನ್ನೆರಡು ಸೆಕೆಂಡು. ತಿರುಮಲೇಶ ಎಷ್ಟು ಭಾನುವಾರಗಳನ್ನು ಅಲ್ಲಿ ಕಳೆದರೂ ಎರಡು ಹತ್ತೊಂಬತ್ತರಿಂದ ಕೆಳಗಿಳಿದಿರಲಿಲ್ಲ.

ಸೋತವರು ಹೇಳುವುದನ್ನೇ ಅವನೂ ಒಂದು ದಿನ ಹೇಳಿದ. "ನಿನ್ನ ಡಬ್ಬಾ ಮಿಷಿನ್ನಲ್ಲಿ ಇಷ್ಟೇ ಕಣೋ ಆಗೋದು. ನಾನೇ ಒಂದು ಕಂಪ್ಯೂಟರ್ ಜೋಡಿಸ್ತೀನಿ, ಅದ್ರಲ್ಲಿ ಕೈ ಪಳಗಿಸ್ಕೊಂಡು ಬರ್ತೀನಿ. ಯುಗಾದಿಯೊಳಗೆ ನಿನ್ನ ಹೆಸ್ರು ಅಳಿಸ್ದಿದ್ರೆ ಈ ಅಂಗಡಿ ಮೆಟ್ಲು ಹತ್ತಲ್ಲ."

"ಆಗ್ಲಿ ಮೇಷ್ಟ್ರೇ," ಎಂದ ಅಂಬರೀಶ, ಬಹಳ ವಿನಯದಿಂದ. ಅಲ್ಲಿ ಕೂತಿದ್ದ ಆರೇಳು ಜನರಲ್ಲಿ ಇಬ್ಬರು ತಿರುಮಲೇಶನ ಹಳೆಯ ವಿದ್ಯಾರ್ಥಿಗಳು. ಗಣಿತ ಫೇಲಾದವರು. ಇನ್ನು ಮಾತು ನುಂಗಿಕೊಳ್ಳುವ ಹಾಗಿರಲಿಲ್ಲ.

ಸಂಬಳವೆಲ್ಲ ಹೆಂಡತಿ ವರಲಕ್ಷ್ಮಿಯ ಕೈ ಸೇರುತ್ತಿದ್ದುದರಿಂದ ಅವನು ಅಪ್ಪನ ಹತ್ತಿರ ಹೋದ. ಅಪ್ಪ ಚೆನ್ನರಾಯಪ್ಪ ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕಿದವನು. ತಟ್ಟೆಯ ಹತ್ತಿರ ಕೆನ್ನೆ ತಂದರೆ ಸಾಕು, ಬಿಸಿ ಎಷ್ಟಿದೆ ಎಂದು ಥರ್ಮಾಮೀಟರಿಗಿಂತ ಮೊದಲು ಹೇಳುತ್ತಿದ್ದ. ಅಂಥವನ ಮುಂದೆ ಮಗ, "ಹುಳುಗೆ ಬಿಸಿ ಎಷ್ಟಿರ್ಬೇಕು, ಸೊಪ್ಪು ಎಷ್ಟು ಹಾಕ್ಬೇಕು, ಎಲ್ಲಾ ಕಂಪ್ಯೂಟರ್ರೇ ಹೇಳುತ್ತೆ ಅಪ್ಪಾ," ಎಂದು ಒಂದು ಸುಳ್ಳನ್ನು ತೇಲಿಬಿಟ್ಟ.

ಚೆನ್ನರಾಯಪ್ಪ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗೂಡು ಮಾರಿ ಬಂದಿದ್ದ ಇಪ್ಪತ್ತು ಸಾವಿರವನ್ನು ತಂದು ಕೊಟ್ಟ. "ಹುಳುಗೆ ಅಂದ್ಮೇಲೆ ಹುಳುಮನೇಲೇ ಇರ್ಲಿ," ಎಂದ.

ಇದರಲ್ಲಿ ತಿರುಮಲೇಶನಿಗೆ ನಷ್ಟವೇನೂ ಇರಲಿಲ್ಲ. ಅವರ ಮನೆಯಲ್ಲಿ ನುಣುಪಾದ ಸಿಮೆಂಟು ನೆಲ, ಬಲೆ ಹೊಡೆದ ಕಿಟಕಿ, ಎರಡು ಫ್ಯಾನು ಎಲ್ಲವೂ ಇದ್ದದ್ದು ಹುಳುಗಳಿಗೆ. ಮನುಷ್ಯರು ಉಳಿದ ಜಾಗದಲ್ಲಿ ಮಲಗುತ್ತಿದ್ದರು. ಮೇಲಾಗಿ ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ರೋಗ ತರುತ್ತಾರೆಂಬ ಭಯ. ಬಾಗಿಲು ಮುಚ್ಚಿಕೊಂಡು ಆಡಲು ಇದಕ್ಕಿಂತ ಒಳ್ಳೆಯ ಜಾಗ ತಾಲ್ಲೂಕಿನಲ್ಲೇ ಸಿಗುತ್ತಿರಲಿಲ್ಲ.

ಸಾಮಾನು ಕೂಡಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಮಾನಿಟರು ಚಿಕ್ಕಬಳ್ಳಾಪುರದಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯದು. ಅದನ್ನು ಗೂಡಿನ ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದರೆ, ಬಸ್ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದ. ಭಾಗಗಳನ್ನೆಲ್ಲ ಕೂರಿಸುವ ಕ್ಯಾಬಿನೆಟ್ ಚಿಂತಾಮಣಿಯದು, ಸೆಕೆಂಡ್ ಹ್ಯಾಂಡು. ಉಳಿದದ್ದನ್ನು ಬೆಂಗಳೂರಿನ ಗಲ್ಲಿಗಳಲ್ಲಿ ಚೌಕಾಸಿ ಮಾಡಿ ತಂದ. ಆಟದ ಚಿತ್ರ ತಡೆಯಿಲ್ಲದೆ ಓಡಲು ಬೇಕಾದ ಗ್ರಾಫಿಕ್ಸ್ ಕಾರ್ಡೊಂದೇ ಬಜೆಟ್ಟಿನ ಮೂರರಲ್ಲೊಂದು ಪಾಲು ತಿಂದುಹಾಕಿತು. ಕೊನೆಗೆ ಬಿಸಿ ಹೊರಹಾಕುವ ಫ್ಯಾನಿಗೆ ಕಾಸು ಉಳಿಯಲಿಲ್ಲ. ಕ್ಯಾಬಿನೆಟ್ಟಿನ ಒಂದು ಪಕ್ಕದ ತಗಡನ್ನೇ ಬಿಚ್ಚಿಟ್ಟು, ಗಾಳಿ ಆಡಲಿ ಎಂದ. ಗಣಿತ ಮೇಷ್ಟ್ರ ಉಳಿತಾಯ ಹೀಗಿರುತ್ತದೆ.

ಸಂಜೆ ಶಾಲೆಯಿಂದ ಬಂದವನೇ ಕಾಲು ತೊಳೆದು ಹುಳುಮನೆ ಸೇರುತ್ತಿದ್ದ. ಒಂದು ಕಡೆ ಹುಳುಗಳು ಸೊಪ್ಪು ಮೇಯುವ ಸದ್ದು, ಇನ್ನೊಂದು ಕಡೆ ತಿರುಮಲೇಶನ ಕಾರು. ಸಂಕ್ರಾಂತಿಗೆ ಎರಡು ಹದಿನೇಳಕ್ಕೆ ಬಂದ. ಶಿವರಾತ್ರಿಗೆ ಎರಡು ಹದಿನಾಲ್ಕು. ಇನ್ನು ಮೂರೇ ಸೆಕೆಂಡು ಎಂದು ಊಟದಲ್ಲೂ ಲೆಕ್ಕ ಹಾಕುತ್ತಿದ್ದ.

ನಡುವೆ ಒಂದೆರಡು ವಿಚಿತ್ರಗಳು ಕಂಡವು. ಸಂಜೆ ಬಂದು ಮುಟ್ಟಿದರೆ ಯಂತ್ರ ಆಗಲೇ ಬೆಚ್ಚಗಿರುತ್ತಿತ್ತು. ಬೇಸಿಗೆ ಬಂತಲ್ಲ ಎಂದುಕೊಂಡ. ಕೀಬೋರ್ಡಿನಲ್ಲಿ ಬಾಣದ ಗುರುತಿನ ನಾಲ್ಕು ಗುಂಡಿಗಳ ಮೇಲೆ ಮಾತ್ರ ಬಿಳೀ ಸುಣ್ಣದ ಪುಡಿ ಅಂಟಿರುತ್ತಿತ್ತು. ಹುಳುಗಳ ಮೇಲೆ ಉದುರಿಸುವ ಸುಣ್ಣ, ಗಾಳಿಗೆ ಹಾರಿದೆ ಎಂದು ಊದಿ ತೆಗೆದ. ಆಟದ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಹೆಸರಿಲ್ಲದ ಒಂದು ಸಾಲು ಬಂದು ಕೂತಿತ್ತು: ಎರಡು ನಿಮಿಷ ಹತ್ತು ಸೆಕೆಂಡು. ಆಡುವವರಿಗೆ ಹುರುಪು ಬರಲೆಂದು ಆಟ ಮಾಡಿದವರೇ ಹಾಕಿದ್ದಾರೆ ಎಂದು ತೀರ್ಮಾನಿಸಿದ. ಓದಿದವರ ಹತ್ತಿರ ಎಲ್ಲದಕ್ಕೂ ಒಂದು ಕಾರಣ ಇರುತ್ತದೆ.

ಯುಗಾದಿಗೆ ಒಂದು ವಾರ ಇರುವಾಗ ಒಂದು ಸಂಜೆ ಹುಳುಮನೆಯ ಬಾಗಿಲು ತೆಗೆದರೆ, ಕ್ಯಾಬಿನೆಟ್ಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಬಿಚ್ಚಿಟ್ಟ ಪಕ್ಕದಿಂದ ನೀರು ಒಳಗಿಳಿದು ಗ್ರಾಫಿಕ್ಸ್ ಕಾರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಗುಂಡಿ ಒತ್ತಿದ, ಒತ್ತಿ ಹಿಡಿದ, ತಟ್ಟಿದ. ಯಂತ್ರ ಉಸಿರೆತ್ತಲಿಲ್ಲ. ತಿರುಮಲೇಶನಿಗೆ ನಿಜವಾಗಿ ಅಳು ಬಂತು.

ಚೆನ್ನರಾಯಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. "ಬಿಸಿ ಜಾಸ್ತಿ ಆಗಿತ್ತು ಕಣಪ್ಪ. ಹುಳುಮನೇಲಿ ಬಿಸಿ ಆದ್ರೆ ಗೋಣಿ ಒದ್ದೆ ಮಾಡಿ ಕಟ್ತೀವಲ್ಲ, ಹಂಗೇ ಇದಕ್ಕೂ ಹೊದಿಸ್ದೆ."

"ನಿನ್ನೆ ರಾತ್ರೀನೇ ಆಫ್ ಮಾಡಿದ್ದೆ. ಬಿಸಿ ಎಲ್ಲಿಂದ ಬಂತು?"

ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ವರಲಕ್ಷ್ಮಿ ತಲೆ ಎತ್ತದೆ ಹೇಳಿದಳು: "ಹೇಳ್ಬಿಡಿ ಮಾವ. ಹತ್ತು ಗಂಟೆಗೆ ಬಾಗ್ಲು ಹಾಕ್ಕೊಂಡ್ರೆ ಮುದ್ದೆ ತಣ್ಣಗಾದ್ರೂ ಈಚೆ ಬರಲ್ಲ ನೀವು. ಸಂಜೆ ಇವ್ರು. ನಾನೇನು ಕಿವುಡೀನಾ, ಕಾರಿನ ಸದ್ದು ಅಡುಗೆಮನೆಗೆ ಕೇಳುತ್ತೆ."

ತಿರುಮಲೇಶ ಅಪ್ಪನನ್ನೇ ನೋಡಿದ.

"ಹುಳು ಬಗ್ಗೆ ಏನು ಹೇಳುತ್ತೋ ನೋಡಣ ಅಂತ ಒಂದಿನ ಹಾಕ್ದೆ," ಎಂದ ಚೆನ್ನರಾಯಪ್ಪ. "ಅದ್ರಲ್ಲಿ ಹುಳು ಇರ್ಲಿಲ್ಲ. ಕಾರಿತ್ತು. ನೀನು ಬರೋಷ್ಟ್ರಲ್ಲಿ ತಣ್ಣಗಾಗ್ಲಿ, ಗೊತ್ತಾಗದೆ ಇರ್ಲಿ ಅಂತ ಇವತ್ತು ಗೋಣಿ ಹೊದಿಸ್ದೆ."

"ಎರಡು ಹತ್ತು ನಿಂದಾ?"

"ಹೆಸ್ರು ಬರೆಯಕ್ಕೆ ಬರ್ಲಿಲ್ಲ, ಬಿಟ್ಬಿಟ್ಟೆ," ಎಂದ ಮುದುಕ. "ತಿರುವಿನಲ್ಲಿ ನೀನು ಜೋರು ಹೋಗ್ತೀಯ ಕಣಪ್ಪ, ಕಿಟಕೀಲಿ ನೋಡಿದೀನಿ. ಮೊಪೆಡ್ ಹಿಂದೆ ಸೊಪ್ಪಿನ ಹೊರೆ ಐತೆ, ಕೆರೆ ಏರಿ ಮೇಲೆ ಹೋಗ್ತಿದೀನಿ ಅಂದ್ಕೊಂಡು ಓಡಿಸ್ಬೇಕು."

ಬೈಯಲು ಬಾಯಿ ತೆರೆದ ತಿರುಮಲೇಶನಿಗೆ ಮೊದಲು ನೆನಪಾದದ್ದು ತಾನು ಹೇಳಿದ ಸುಳ್ಳು.

ಯುಗಾದಿಯ ಹಿಂದಿನ ಭಾನುವಾರ ಅಪ್ಪ, ಮಗ ಇಬ್ಬರೂ ಮೊಪೆಡ್ ಏರಿ ಶಿಡ್ಲಘಟ್ಟಕ್ಕೆ ಹೋದರು. ಸುದ್ದಿ ತಿಳಿದು ಅಂಗಡಿ ತುಂಬಿತ್ತು. ಗಣಿತ ಫೇಲಾದ ಇಬ್ಬರೂ ಮುಂದಿನ ಸಾಲಿನಲ್ಲಿದ್ದರು. ತಿರುಮಲೇಶ ಮೂರು ಸಲ ಆಡಿದ. ಎರಡು ಹದಿನೈದು, ಎರಡು ಹದಿನಾಲ್ಕು, ಮತ್ತೆ ಎರಡು ಹದಿನಾಲ್ಕು. ಹೊರೆಯನ್ನು ನೆನೆಸಿಕೊಂಡೇ ಓಡಿಸಿದ, ಆದರೆ ಅವನು ಹುಟ್ಟಿದಾಗಿನಿಂದ ಹೊರೆ ಹೊತ್ತವನಲ್ಲ.

"ಬಿಡಿ ಮೇಷ್ಟ್ರೇ," ಎಂದ ಅಂಬರೀಶ, ಮತ್ತೆ ಅದೇ ವಿನಯದಿಂದ.

"ನಾನೊಂದು ಸಲ ನೋಡ್ಲೇನಪ್ಪಾ?" ಎಂದು ಚೆನ್ನರಾಯಪ್ಪ ಕೇಳಿದ. ಅಂಗಡಿಯಲ್ಲಿ ಎಲ್ಲರೂ ನಕ್ಕರು, ಹಿರಿಯರಿಗೆ ಕುರ್ಚಿ ಕೊಟ್ಟರು. ಚೆನ್ನರಾಯಪ್ಪ ಚಪ್ಪಲಿ ಬಾಗಿಲ ಆಚೆ ಬಿಟ್ಟು ಬಂದು, ಅಭ್ಯಾಸಬಲದಿಂದ ಕೈ ಪಂಚೆಗೆ ಒರೆಸಿಕೊಂಡು ಕೂತ. ಮೊದಲ ಸುತ್ತಿಗೆ ನಗು ನಿಂತಿತು. ಎರಡನೆಯದಕ್ಕೆ ಅಂಬರೀಶ ಎದ್ದು ನಿಂತ. ಮೂರನೆಯದು ಮುಗಿದಾಗ ತೆರೆಯ ಮೇಲೆ ಎರಡು ನಿಮಿಷ ಹನ್ನೊಂದು ಸೆಕೆಂಡು ಎಂದಿತ್ತು.

ತಿರುಮಲೇಶನಿಗೆ ಹೆಮ್ಮೆಯಾಯಿತು. ಹೆಮ್ಮೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಂಬರೀಶ ಒದ್ದೆ ಬಟ್ಟೆಯನ್ನೂ ಸೀಮೆಸುಣ್ಣವನ್ನೂ ತಂದು ತಿರುಮಲೇಶನ ಕೈಗೇ ಕೊಟ್ಟ. "ಯುಗಾದಿಯೊಳಗೆ ನನ್ನ ಹೆಸ್ರು ಅಳಿಸ್ತೀನಿ ಅಂದಿದ್ರಲ್ಲ ಮೇಷ್ಟ್ರೇ. ಅಳಿಸಿ."

ತಿರುಮಲೇಶ ಅಳಿಸಿದ. ಆಡಿದ ಮಾತು ಉಳಿಯಿತು. ಆಮೇಲೆ ಹತ್ತು ವರ್ಷ ಪಾಠ ಹೇಳಿ ಪಳಗಿದ ಕೈಯಲ್ಲಿ, ಹಳೆಯ ವಿದ್ಯಾರ್ಥಿಗಳು ನೋಡುತ್ತಿರುವಾಗ, ಅಪ್ಪನ ಹೆಸರು ಬರೆಯತೊಡಗಿದ.

"ದೊಡ್ಡದಾಗಿ ಬರಿಯಪ್ಪ," ಎಂದ ಚೆನ್ನರಾಯಪ್ಪ ಹಿಂದಿನಿಂದ.