ನಡುವಿನ ಗಿಡ್ಡ ಗೆರೆ

ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಕೊಟ್ರಯ್ಯನವರು ಟಿ.ವಿ. ಮುಂದೆ ಚಾಪೆ ಹಾಸಿ ಕುಳಿತರೆಂದರೆ ಕಂಪ್ಲಿಯ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಹೆಂಡತಿ ಜಂಬಮ್ಮ ಶಿವನ ಪಾದ ಸೇರಿ ಏಳು ತಿಂಗಳಾಗಿತ್ತು. ನಾಲ್ಕು ವರ್ಷದ ಹಿಂದೆ ಆಕೆ ಭಜನೆಯ ಹೆಂಗಸರೊಂದಿಗೆ ಒಂದು ಚಾನೆಲ್ಲಿನಲ್ಲಿ ಹಾಡಿದ್ದಳು. ಅದು ಪ್ರಸಾರವಾದ ದಿನ ಕೊಟ್ರಯ್ಯನವರೇ ರಿಮೋಟು ಒತ್ತಿ, ಸೆಟ್‌ಟಾಪ್ ಬಾಕ್ಸಿನ ಮೂಲಕ ಪೆನ್‌ಡ್ರೈವಿನಲ್ಲಿ ಹಿಡಿದಿಟ್ಟಿದ್ದರು. ಮೊಬೈಲು ಎತ್ತಿದರೆ ಸಾಕು, ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ ಹೆಂಗಸು. ಆಕೆಯ ದನಿ ಲೋಕದಲ್ಲಿ ಇನ್ನೆಲ್ಲಿಯೂ ಉಳಿದಿರಲಿಲ್ಲ.

ಆ ಸೋಮವಾರ ಪೆನ್‌ಡ್ರೈವು ಸಿಕ್ಕಿಸಿದರೆ ಹಾಡು ಬರಲಿಲ್ಲ. ಇಂಗ್ಲಿಷಿನ ಎರಡು ಸಾಲು ಬಂದವು.

"ಶೈಲವ್ವ, ಇದೇನ್ ಬರದೈತಿ ನೋಡು."

ಸೊಸೆ ಶೈಲಜಾ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖದ ಕಳೆ ಇಳಿಯಿತು.

"ಬ್ಯಾರೆ ಬಾಕ್ಸಿನ್ಯಾಗ ತುಂಬಿದ್ದು ಇದರಾಗ ನಡಿಯಂಗಿಲ್ಲಂತ್ರಿ, ಮಾವಾರ."

ಶನಿವಾರ ಅವಳೇ ಹೊಸಪೇಟೆಗೆ ಹೋಗಿ ಹಳೆಯ ಬಾಕ್ಸು ಕೊಟ್ಟು ಹೊಸದನ್ನು ತಂದಿದ್ದಳು. ಹಳೆಯದು ಈಚೀಚೆಗೆ ಹತ್ತು ನಿಮಿಷಕ್ಕೆಲ್ಲ ಕಾದ ಹಂಚಾಗಿ ನಿಂತುಬಿಡುತ್ತಿತ್ತು. ಹೊಸದಕ್ಕೆ ಅದರ ಅರ್ಧ ಬೆಲೆ. ಚಿತ್ರ ಕನ್ನಡಿಯ ಹಾಗೆ. ಹಾಡು ಪೆನ್‌ಡ್ರೈವಿನಲ್ಲಿದೆ, ಪೆನ್‌ಡ್ರೈವು ಮನೆಯಲ್ಲಿದೆ, ಇನ್ನೇನು ಭಯ ಎಂದು ಇಬ್ಬರೂ ತಿಳಿದಿದ್ದರು. ಆ ಹಾಡಿನ ಕೀಲಿ ಹಳೆಯ ಬಾಕ್ಸಿನೊಳಗಿದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಕೊಟ್ರಯ್ಯನವರು ಪ್ರಸಾದವನ್ನೂ ಮುಟ್ಟದೆ ಎದ್ದು, ಪೆನ್‌ಡ್ರೈವು ಜೇಬಿಗಿಟ್ಟು, ಸೊಸೆಯೊಂದಿಗೆ ಹೊಸಪೇಟೆಯ ಬಸ್ಸು ಹತ್ತಿದರು. ಬಸ್ಸು ಬುಕ್ಕಸಾಗರ ದಾಟುವವರೆಗೆ ಪಂಚಾಕ್ಷರಿ ಜಪಿಸಿದರು. ಆಮೇಲೆ ಜಂಬಮ್ಮನ ದನಿಯನ್ನು ನೆನೆಯಲು ನೋಡಿದರು. ಮುಖ ಬಂತು, ನಡಿಗೆ ಬಂತು, ದನಿ ಬರಲಿಲ್ಲ. ಮತ್ತೆ ಜಪಕ್ಕೆ ತೊಡಗಿದರೆ ನಾಲಿಗೆ "ಬಾಕ್ಸು ಒಡೆದಿರಬಾರದು, ಒಡೆದಿರಬಾರದು" ಎಂದೇ ಹೊರಳುತ್ತಿತ್ತು.

"ಬರ್ರಿ ಅಜ್ಜಾರ, ಕುಂದ್ರಿ," ಎಂದ ಅಂಗಡಿಯ ವೆಂಕಟೇಶ್. "ಹೊಸಾದು ಕೈ ಕೊಟ್ಟತೇನ್ರಿ?"

"ನನಗ ಹಳೇದು ಬೇಕಪ್ಪ."

"ಅಯ್ಯ, ಬಿಟ್ಟ ಜ್ವರ ಕರದು ಮೈಗೆ ಹಚ್ಚಿಕೊಂಡಂಗಾತಲ್ರಿ! ಅದು ಟಿ.ವಿ. ತೋರಸಾಕಿಂತ ರೊಟ್ಟಿ ಬಿಸಿ ಮಾಡಾಕ ಮಸ್ತ್ ಇತ್ತು." ನಗಲು ಹೋದವನು ಶೈಲಜಾಳ ಕಣ್ಣು ನೋಡಿ ಸುಮ್ಮನಾದ. ಅವಳು ವಿಷಯ ಹೇಳಿದಳು.

ಹಿಂದಿನ ಕೋಣೆಯಿಂದ ಅವನು ಎರಡು ಚೀಲ ಎಳೆದು ತಂದ. "ನಾಳೆ ಗುಜರಿಗೆ ಹೋಗೂವು. ಎಲ್ಲಾ ಒಂದ ನಮೂನಿ ಅದಾವು. ತಳದಾಗ ನಂಬರ್ ಚೀಟಿ ಐತೇನ್ರಿ?"

"ಕಾವಿಗೆ ಎಂದೋ ಉದುರೇತಿ. ನಮ್ಮಾಕಿ ಮಾನೌಮಿ ಆಯುಧಪೂಜಿಗೆ ಅದಕ್ಕ ವಿಭೂತಿ ಹಚ್ಚಿದ್ಲು."

"ಯಾರು ಹಚ್ಚಂಗಿಲ್ಲ ಹೇಳ್ರಿ? ನಮ್ಮ ಸೀಮ್ಯಾಗ ಮಿಕ್ಸಿಗೂ ವಿಭೂತಿ, ಜೆಸಿಬಿಗೂ ವಿಭೂತಿ."

ಹೌದು, ನೆಲದ ಮೇಲೆ ಸುರಿದ ಬಾಕ್ಸುಗಳಲ್ಲಿ ಅರ್ಧಕ್ಕೆ ವಿಭೂತಿ, ಕುಂಕುಮ ಇದ್ದವು. ಕೊಟ್ರಯ್ಯನವರು ಮೊಣಕಾಲೂರಿ ಒಂದೊಂದನ್ನೇ ಬೆಳಕಿಗೆ ಹಿಡಿದರು. ಚಿಕ್ಕವಳಿದ್ದಾಗ ಎಮ್ಮಿಗನೂರಿನ ತವರಿನಲ್ಲಿ ಕಬ್ಬು ಸವರುವಾಗ ಜಂಬಮ್ಮನ ನಡುಬೆರಳ ತುದಿ ಹೋಗಿತ್ತು. ಆಕೆ ಎಳೆದ ಮೂರು ಗೆರೆಗಳಲ್ಲಿ ನಡುವಿನದು ಯಾವಾಗಲೂ ಗಿಡ್ಡ. ಮೊದಲ ಚೀಲದಲ್ಲಿ ಅದು ಇರಲಿಲ್ಲ. ಎರಡನೆಯದೂ ಮುಗಿಯುತ್ತ ಬಂತು. ಕೊನೆಗೆ, ಮುಚ್ಚಳ ಸೀಳಿದ್ದ ಒಂದರ ಮೇಲೆ, ಮಾಸಿದ ಮೂರು ಗೆರೆ, ನಡುವಿನದು ಗಿಡ್ಡ.

"ಶಿವನೇ," ಎಂದು ಅದನ್ನು ಎದೆಗೊತ್ತಿಕೊಂಡರು.

ವೆಂಕಟೇಶ್ ಫೋನು ಮಾಡಿ ಹಳೆಯ ಕನೆಕ್ಷನ್ನಿಗೆ ಮತ್ತೆ ಜೀವ ಕೊಡಿಸಿದ. ಬಾಕ್ಸು ಮೂಸಿ ನೋಡಿ, "ಬೋರ್ಡು ಸುಟ್ಟ ವಾಸನಿ ಬರತೈತಿ. ಒಂದ್ಸಲ ಆನ್ ಆಗಬೌದು. ಮತ್ತ ಆಗತೈತಿ ಅಂತ ಹೇಳಾಕ ನಾ ಒಲ್ಲೆ. ಯವ್ವ, ಮೊಬೈಲ್‌ನ್ಯಾಗ ಹಿಡಕೊಂಡುಬಿಡ್ರಿ," ಎಂದ.

ಶೈಲಜಾ ಮೊಬೈಲು ಹಿಡಿದಳು. ಕೊಟ್ರಯ್ಯನವರು ಬಾಕ್ಸಿನ ಪಕ್ಕ ನಿಂತು, ಕಾಯದಿರಲೆಂದು ಶಲ್ಯದಿಂದ ಬೀಸತೊಡಗಿದರು. ವೆಂಕಟೇಶ್ ಪೆನ್‌ಡ್ರೈವು ಸಿಕ್ಕಿಸಿದ, ಅಂಗಡಿಯ ಟಿ.ವಿ. ಪರದೆ ಬೆಳಗಿತು. ಐವರು ಹೆಂಗಸರು, ತಾಳದ ಸದ್ದು, ನಡುವೆ ಜಂಬಮ್ಮ. ಆಕೆ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು. ಕೊಟ್ರಯ್ಯನವರು ಇನ್ನೂ ಜೋರಾಗಿ ಬೀಸಿದರು. ಒಂದು ಸಾಲು ಮುಗಿಯಿತು. ಚಿತ್ರ ನಿಂತುಬಿಟ್ಟಿತು.

"ಎಷ್ಟು ಸಿಕ್ತವ್ವ?"

ಶೈಲಜಾ ಮೊಬೈಲನ್ನು ಕಿವಿಗೆ ಹಿಡಿದು ಕೇಳಿದಳು. "ಶಲ್ಯದ ಸಪ್ಪಳನ ಭಾಳ ಐತ್ರಿ, ಮಾವಾರ. ಅತ್ಯಾರ ದನಿ... ಹಿಂದ ಎಲ್ಲೋ ಕೇಳತೈತಿ."

ಕೊಟ್ರಯ್ಯನವರ ಕೈ ತಾನಾಗಿ ಕೆಳಗಿಳಿಯಿತು.

"ಆಫ್ ಮಾಡಿ ಆನ್ ಮಾಡ್ಲೇನ್ರಿ?" ವೆಂಕಟೇಶ್ ಸ್ವಿಚ್ಚಿಗೆ ಕೈ ಚಾಚಿದ. ಕೊಟ್ರಯ್ಯನವರು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಪರದೆಯ ಮೇಲೆ ಜಂಬಮ್ಮ ಮುಂದಿನ ಸಾಲಿಗೆ ಬಾಯಿ ತೆರೆದಿದ್ದಳು.

"ತಡಿಯಪ್ಪ," ಎಂದರು. "ಆಕಿ ಉಸುರು ತಗೊಳ್ಳಾಕತ್ತಾಳ."