ಕೆನ್ನೇಲಿ ಹುಣಸೆ ಬೀಜ

ನಾನು ದೊಡ್ಡಆಲಹಳ್ಳಿ ಮಾಯಣ್ಣ, ಕುರಿ ಕಾಯೋನು. ನನಗೆ ಸಿಟ್ಟು ಮೂಗಿನ ತುದೀಲೇ ಐತೆ ಅಂತ ಊರೇ ಅಂತದೆ, ಅನ್ಲಿ ಬುಡಿ. ಆವತ್ತು ಮಾತ್ರ ಆ ಸಿಟ್ಟು ನನ್ನ ಮೇಲೇ ತಿರುಗ್ತು.

ಮಗಳು ಪುಟ್ಟಿ ಓಡ್ತಾಳೆ. ಕುರಿ ಹಿಂದೆ ಬೆಟ್ಟ ಹತ್ತಿ ಇಳಿದು ಕಲ್ತ ಓಟ. ರಾಮನಗರದಾಗೆ ಓಟಗಾರರ ಹಾಸ್ಟೆಲ್ ಸೇರಬೇಕು ಅಂದ್ರೆ ವಿಓಟು ಮ್ಯಾಕ್ಸು ಅನ್ನೋ ಒಂದು ಉಸಿರಿನ ಟೆಸ್ಟು, ಅದರಾಗೆ ಐವತ್ತು ದಾಟಬೇಕು. ಈ ವರ್ಷ ತಪ್ಪಿದ್ರೆ ವಯಸ್ಸು ಮೀರೋಗ್ತದೆ.

ನಮ್ಮ ಎತ್ತಿಗೆ ಕಣದಲ್ಲಿ ಬಾಯಿಕುಕ್ಕೆ ಕಟ್ತೀವಲ್ಲ, ಹಂಗೆ ಅವಳ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಓಡೋ ಮಿಷನ್ ಹತ್ತಿಸಿದ್ರು. ಓಡಿದ್ಲು ಓಡಿದ್ಲು, ಮುಖ ಕೆಂಪಾಗಿ ಇಳಿದ್ಲು. ಬಂದಿದ್ದು ನಲವತ್ತೆರಡು.

"ಇವಳು ಬಾಯೇ ಬಿಡ್ತಿಲ್ಲ," ಅಂದ್ರು ಟೆಸ್ಟ್ ಮಾಡೋ ಜುವೇರಿಯಾ ಮೇಡಮ್ಮು. ಮಾಸ್ಕ್ ಬಿಚ್ಚಿದ್ರೆ ಕೆನ್ನೇಲಿ ಹುಣಸೆ ಬೀಜ.

ಅದು ನಂದೇ ಪಾಠ. ಬೆಟ್ಟ ಹತ್ತುವಾಗ ಬಾಯಲ್ಲಿ ಬೀಜ ಇದ್ರೆ ಬಾಯಿ ಮುಚ್ಚೇ ಇರ್ತದೆ, ಗಂಟಲು ಒಣಗಲ್ಲ, ಉಸಿರು ಉಳೀತದೆ. ನಮ್ಮಪ್ಪ ನನಗೆ ಕಲಿಸ್ದ, ನಾನು ಇವಳಿಗೆ.

"ಏನಮ್ಮಾ ಅದು ವಿಓಟು ಮ್ಯಾಕ್ಸು? ಉಸಿರು ಎಷ್ಟು ಉಳಿಸ್ತಾಳೆ ಅಂತ ನೋಡೋದು ತಾನೆ?" ರೇಗೇ ಕೇಳಿದೆ.

ಮೇಡಮ್ಮು ಬೋರ್ಡ್ ಮೇಲೆ ಬರೆದ್ರು. "ವಿ ಅಂದ್ರೆ ವಾಲ್ಯೂಮ್, ಅಳತೆ, ಮಾಯಣ್ಣೋರೆ. ಅದರ ತಲೆ ಮೇಲಿನ ಚುಕ್ಕಿ ಅಂದ್ರೆ ಒಂದು ನಿಮಿಷಕ್ಕೆ. ಓಟು ಅಂದ್ರೆ ಆಮ್ಲಜನಕ. ಮ್ಯಾಕ್ಸ್ ಲ್ಯಾಟಿನ್‌ನಿಂದ ಬಂದಿದ್ದು, ಇದಕ್ಕಿಂತ ಮೇಲಿಲ್ಲ ಅಂತ. ನಿಮಿಷಕ್ಕೆ ಮೈ ಎಷ್ಟು ಆಮ್ಲಜನಕ ಬಳಸುತ್ತೆ ಅನ್ನೋದೇ ಈ ಹೆಸರು. ಉಳಿಸು ಅನ್ನೋ ಅರ್ಥದ ಅಕ್ಷರ ಇದರಲ್ಲಿ ಒಂದೂ ಇಲ್ಲ. ಬಾಯಿ ಮುಚ್ಚಿ ಓಡಿದ್ರೆ ಗಾಳಿ ಕಮ್ಮಿ, ಅಂಕಿನೂ ಕಮ್ಮಿ."

ಅಪ್ಪನ ಕಾಲದಿಂದ ನಂಬಿದ್ದನ್ನ ಒಂದು ಚುಕ್ಕಿ ತಲೆಕೆಳಗು ಮಾಡ್ಬುಡ್ತು. ಯಾರ ಮುಂದೂ ತಲೆ ತಗ್ಗಿಸಿದೋನಲ್ಲ ನಾನು, ಕೈ ಮುಗಿದೆ. "ತಪ್ಪು ನಂದು ತಾಯಿ, ಇನ್ನೊಂದ್ಸಲ ಓಡಿಸಿ."

"ಒಸಿ ಸುಧಾರಿಸ್ಕೊಳ್ಳಲಿ. ನಾಲ್ಕು ಗಂಟೆಗೆ, ಅದೇ ಕೊನೆ," ಅಂದ್ರು.

ನಾಲ್ಕಕ್ಕೆ ಪುಟ್ಟಿ ಬೀಜ ನನ್ನ ಕೈಗೆ ಕೊಟ್ಟು ಹತ್ತಿದ್ಲು. ಈ ಸಲ ಬಾಯಿ ಅಗಲಕ್ಕೆ ತೆಗೆದು, ಭುಸ್ ಭುಸ್ ಅಂತ ನಾಚಿಕೆ ಬುಟ್ಟು ಉಸಿರಾಡಿದ್ಲು. ಪರದೆ ಮೇಲೆ ನಲವತ್ತನಾಲ್ಕು, ನಲವತ್ತೇಳು. ನಲವತ್ತೊಂಬತ್ತಕ್ಕೆ ನಿಂತೇ ಬುಡ್ತು. ನಾನು ಬಾಯಿ ಬಿಗಿ ಮುಚ್ಚಿ ನಿಂತೆ. ಮಿಷನ್ ಪಟ್ಟಿ ಇನ್ನೊಂದು ಹಂತ ಏರಾಯ್ತು, ಅವಳು ಅದನ್ನೂ ಹತ್ತಿದ್ಲು.

ಐವತ್ತಮೂರು.

ಮೇಡಮ್ಮು ಚಪ್ಪಾಳೆ ತಟ್ಟಿದ್ರು. ಉಸಿರು ಬಿಗಿ ಹಿಡಿದಿದ್ದ ನನಗೆ ಕಣ್ಣು ಕತ್ತಲೆ ಬಂದಂಗಾಯ್ತು. ಪುಟ್ಟಿ ಏದುಸಿರು ಬುಡ್ತಾ ಬಂದು, ನನ್ನ ಗಲ್ಲ ಹಿಡಿದು ಅಲ್ಲಾಡಿಸಿದ್ಲು.

"ಬಾಯಿ ತೆಗಿ ಅಪ್ಪಾ. ನೀನೂ ಉಸಿರು ಬುಡು."

ತೆಗೆದೆ. ಬೀಜ ನನ್ನ ಕೆನ್ನೇಲಿತ್ತು.